ಶಿವನಸಮುದ್ರದ ಕರೆಂಟು, ನಮ್ಮನೆ ವೈರು

ಕೆಜಿಎಫ್ ಅಂದ್ರೆ ಈಗ ಎಲ್ಲರಿಗೂ ಸಿನಿಮಾ ನೆನಪಾಗತ್ತೆ. ಬಂಗಾರಪೇಟೆಯವನಾದ ನನಗೆ ಮೊದಲು ನೆನಪಾಗೋದು ಕರೆಂಟು! 1902ರ ಜೂನ್ 30ರಂದು ಶಿವನಸಮುದ್ರದಿಂದ ಹೊರಟ ವಿದ್ಯುತ್ತು, ಸುಮಾರು 147 ಕಿಲೋಮೀಟರ್ ದೂರದ ಚಿನ್ನದ ಗಣಿ ಮುಟ್ಟಿತು. ಯೋಜನೆ ಶುರುವಾದಾಗ ದಿವಾನರಾಗಿದ್ದವರು ಶೇಷಾದ್ರಿ ಅಯ್ಯರ್. ಅದನ್ನ ನೋಡೋಕೆ ಅವರಿರಲಿಲ್ಲ, 1901ರಲ್ಲೇ ತೀರಿಕೊಂಡಿದ್ರು. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ಅಂದ್ರೆ ಮೊದಲ ಕರೆಂಟು ಗಣಿಯ ಯಂತ್ರಗಳಿಗೆ, ಮನೆ ದೀಪದ ಸರದಿ ಆಮೇಲೆ.

ಹಳೇ ಕಾಲದ ಮನೆ ವೈರಿಂಗ್ ನೋಡಿದ್ದೀರಾ? ಮರದ ಪಟ್ಟಿ, ಅದರಲ್ಲಿ ರಬ್ಬರು, ಬಟ್ಟೆ ಸುತ್ತಿದ ಎರಡೇ ಎರಡು ತಂತಿ. ವರ್ಷ ಕಳೆದ ಹಾಗೆ ರಬ್ಬರು ಒಣಗಿ ಪುಡಿಯಾಗತ್ತೆ. ಎಷ್ಟೋ ಕಡೆ ಲೈಟಿಗೆ ಅರ್ತಿಂಗೇ ಇಲ್ಲ. ಫ್ಯೂಸು ಕರಗೋಕೆ ಆಂಪಿಯರ್‌ಗಟ್ಟಲೆ ಕರೆಂಟು ಹರೀಬೇಕು, ಜೀವ ಹೋಗೋಕೆ ಅದರ ಸಣ್ಣ ಪಾಲು ಸಾಕು. ಅದಕ್ಕೇ 30 ಮಿಲಿಆಂಪಿಯರ್ ಸೋರಿದ್ರೂ ಕಟ್ ಮಾಡೋ ಆರ್‌ಸಿಸಿಬಿ ಬಂತು.

ನಮ್ಮ ಅಜ್ಜನ ಕಾಲದ ಕೋಣೆ ರಿಪೇರಿ ನಡೀತಾ ಇದೆ. "ಲೈಟಿಗೆ ತಾನೆ, ಹಳೇ ವೈರೇ ಸಾಕು" ಅಂದ್ರು ಮೇಸ್ತ್ರಿ. ನಾನು ಒಪ್ಪಲಿಲ್ಲ. ಪೈಪಿನೊಳಗೆ ಹೊಸ ತಾಮ್ರದ ವೈರು, ಸ್ವಿಚ್ಚು ಫೇಸ್ ತಂತಿಗೇ, ಹಸಿರು ಅರ್ತ್ ತಂತಿ, ಜೊತೆಗೆ ಆರ್‌ಸಿಸಿಬಿ. ಯಾಕಂದ್ರೆ ಸ್ಟೂಲ್ ಹತ್ತಿ ಬಲ್ಬು ಬದಲಾಯಿಸೋದು ಅಮ್ಮ!

2001ರಲ್ಲಿ ಗಣಿ ಮುಚ್ಚಿತು, ಕರೆಂಟು ಮನೆಮನೆಯಲ್ಲಿ ಉಳೀತು. ನಿಮ್ಮನೆ ಹಳೇ ಬೋರ್ಡನ್ನೂ ಒಮ್ಮೆ ಎಲೆಕ್ಟ್ರಿಷಿಯನ್ ಕೈಲಿ ಬಿಚ್ಚಿಸಿ ನೋಡಿ... ಏನಂತೀರಾ?