ಅರಸರು ಕೂತು ಕೇಳದ ಕಛೇರಿ

ಪಿಟೀಲು ಪಶ್ಚಿಮದಿಂದ ಬಂದ ವಾದ್ಯವೆಂಬುದನ್ನು ನಾವು ಮರೆತೇಬಿಟ್ಟಿದ್ದೇವೆ. ಬೇರೆ ಮನೆಯಿಂದ ಬಂದು ಮನೆಯವಳೇ ಆಗಿಹೋದ ಸೊಸೆಯಂತೆ ಅದು ನಮ್ಮ ಕಛೇರಿಗಳಿಗೆ ಹೊಂದಿಕೊಂಡಿದೆ. ಆ ಸೊಸೆಯ ತವರಿಗೂ ಕನ್ನಡನಾಡಿನ ಅರಸರೊಬ್ಬರು ಉಡುಗೊರೆ ಕಳಿಸಿದ್ದರು.

ಅವರು ಜಯಚಾಮರಾಜೇಂದ್ರ ಒಡೆಯರು. ಪಿಯಾನೋ ವಾದಕರಾಗುವುದು ಅವರ ಆಸೆ. 1940ರಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡು ಸಿಂಹಾಸನ ಬಂತು. ಆಸೆ ಆಸೆಯಾಗಿಯೇ ಉಳಿಯಿತು. ಆದರೆ ಕೇಳುವ ಕಿವಿ ಸುಮ್ಮನಿರಲಿಲ್ಲ. ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೆ ಹಣ ಕೊಟ್ಟರು. ಬಾಲಾಕಿರೆವ್ ರಚಿಸಿದ ಮೊದಲ ಸಿಂಫನಿ 1949ರಲ್ಲಿ ಧ್ವನಿಮುದ್ರಣವಾದದ್ದು ಅವರ ನೆರವಿನಿಂದ. ಲಂಡನ್ನಿನಲ್ಲಿ ನೆಲೆಸಿದ್ದ ವೃದ್ಧ ರಷ್ಯನ್ ಸಂಗೀತಗಾರ ಮೆಟ್ನರ್ ಅವರ ಕೃತಿಗಳನ್ನೂ ಧ್ವನಿಮುದ್ರಿಸಿದರು. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕನ್ಸರ್ಟೊವನ್ನು ಅವರಿಗೆ ಅರ್ಪಿಸಿದರು.

ಜರ್ಮನಿಯ ರಿಚರ್ಡ್ ಸ್ಟ್ರಾಸ್ ಎಂಬತ್ತು ದಾಟಿದ ಮೇಲೆ, 1948ರಲ್ಲಿ, ನಾಲ್ಕು ಹಾಡುಗಳನ್ನು ಬರೆದರು. ಹೆಂಡತಿ ಪೌಲೀನ್ ಒಂದು ಕಾಲದ ಗಾಯಕಿ. 1894ರಲ್ಲಿ ಮದುವೆಯ ಕಾಣಿಕೆಯಾಗಿ ಕೊಟ್ಟದ್ದೂ ಹಾಡುಗಳನ್ನೇ. 1949ರ ಸೆಪ್ಟೆಂಬರಿನಲ್ಲಿ ಸ್ಟ್ರಾಸ್ ತೀರಿಕೊಂಡರು. ಈ ಹಾಡುಗಳು ಮೊದಲು ಕೇಳಿಬಂದದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ. ಅದಕ್ಕೆ ಒಂಬತ್ತು ದಿನ ಮೊದಲು ಪೌಲೀನ್ ಕೂಡ ಹೋಗಿಬಿಟ್ಟಿದ್ದರು. ಹಾಡಿದವರು ನಾರ್ವೆಯ ಕರ್ಸ್ಟನ್ ಫ್ಲಾಗ್‌ಸ್ಟಾಡ್. ವಾದ್ಯವೃಂದ ನಡೆಸಿದವರು ಫುರ್ಟ್‌ವೆಂಗ್ಲರ್. ನಿದ್ದೆಯನ್ನು ಕುರಿತ ಮೂರನೆಯ ಹಾಡಿನ ನಡುವೆ ಗಾಯಕಿ ಸುಮ್ಮನಾಗುತ್ತಾಳೆ. ಒಂದೇ ಒಂದು ಪಿಟೀಲು ಆ ಹಾಡನ್ನು ಎತ್ತಿಕೊಂಡು ಮೇಲೇರುತ್ತದೆ.

ಈ ಕಛೇರಿಗೆ 4,800 ಡಾಲರಿನ ಭರವಸೆ ಕೊಟ್ಟವರು ನಮ್ಮ ಒಡೆಯರು. ಅವರಿಗೆ ಅಲ್ಲಿಗೆ ಹೋಗಲಾಗಲಿಲ್ಲ. ಧ್ವನಿಮುದ್ರಣ ಮೈಸೂರಿಗೆ ಬರಲೆಂಬುದೇ ಅವರ ಬಯಕೆ.

ಅರಸರ ಹಣವೆಂದರೆ ಪ್ರಜೆಗಳದೇ ಅಲ್ಲವೆ, ಅದು ದೂರದ ಲಂಡನ್ನಿಗೇಕೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ನಮ್ಮ ಗುರುಗುಂಟಾ ಆಗಿನ್ನೂ ಹೈದರಾಬಾದ್ ರಾಜ್ಯದಲ್ಲಿತ್ತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದಾಗ ಇದೇ ಒಡೆಯರು ನಮಗೂ ರಾಜ್ಯಪಾಲರಾದರು. ಲೆಕ್ಕ ಕೇಳುವ ಹಕ್ಕು ನಮಗೂ ಇದೆ ಅನ್ನಿ. ಆದರೆ ಮನೆಯ ಜವಾಬ್ದಾರಿ ಹೆಗಲೇರಿದಾಗ ಹಾರ್ಮೋನಿಯಂ ಅಟ್ಟಕ್ಕೆ ಸೇರಿಸಿದ ಹೆಣ್ಣುಮಕ್ಕಳಿಗೆ ಆ ಅರಸರ ಮನಸ್ಸು ಅರ್ಥವಾಗದೆ ಇರಲಾರದು. ತನ್ನ ಕೈಗೆ ದಕ್ಕದ್ದನ್ನು ಅವರು ಇನ್ನೊಬ್ಬರ ಕೈಯಿಂದ ನುಡಿಸಿದರು. ಆ ಸಂಜೆಯ ಹಾಡುಗಳ ಧ್ವನಿಮುದ್ರಣ ಇಂದಿಗೂ ಉಳಿದಿದೆ, ಗರಗರ ಸದ್ದಿನ ಹಿಂದೆ ಆ ಪಿಟೀಲೂ ಇದೆ.