ರಿಸೀವರಿನ ಕಡೆಯ ಮೆಟ್ಟಿಲು

ರೇಡಿಯೊ ಇಟ್ಟುಕೊಂಡ ಮನೆಗಳಲ್ಲಿ ಮಾರಲು ಮನಸ್ಸು ಬಾರದ, ಹಾಡಿಸಲು ಧೈರ್ಯ ಸಾಲದ ಹಳೆಯ ಪೆಟ್ಟಿಗೆಯೊಂದು ಇರುವುದುಂಟು. ನಮ್ಮ ಮನೆಯಲ್ಲಿರುವುದು ಸ್ಟೀರಿಯೊ ರಿಸೀವರು. ನಿಲಯವನ್ನು ಹಿಡಿಯುವ ಭಾಗ, ದನಿಯನ್ನು ಹದಗೊಳಿಸುವ ಭಾಗ, ಎಡಬಲದ ಎರಡು ಸ್ಪೀಕರುಗಳಿಗೆ ಶಕ್ತಿಯುಣಿಸುವ ಭಾಗ, ಈ ಮೂರೂ ಒಂದೇ ಗೂಡಿನಲ್ಲಿ ಅಡಗಿರುವ ಯಂತ್ರವದು. ನನ್ನ ಸೋದರಮಾವನವರು ಅಮೆರಿಕದಲ್ಲಿ ಉದ್ಯೋಗದಲ್ಲಿದ್ದಾಗ ಕೊಂಡು, ೧೯೭೯ರಲ್ಲಿ ಊರಿಗೆ ಮರಳುವಾಗ ಹೊತ್ತು ತಂದದ್ದು. ೧೨೦ ವೋಲ್ಟಿನ ಯಂತ್ರವಾದ್ದರಿಂದ ಅದರ ಪಕ್ಕದಲ್ಲಿ ನಮ್ಮ ೨೩೦ ವೋಲ್ಟನ್ನು ಇಳಿಸಿಕೊಡುವ ಟ್ರಾನ್ಸ್‌ಫಾರ್ಮರೊಂದು ದುಂಬಿಯಂತೆ ಗುಂಯ್‌ಗುಡುತ್ತಿರುತ್ತದೆ. ಮಾವನವರಿಗೆ ಈಗ ಎಂಬತ್ತು ದಾಟಿದೆ. ಸಂಜೆಯ ಸಂಗೀತವನ್ನು ಅವರು ಕೇಳುವುದು ಈ ಪೆಟ್ಟಿಗೆಯಲ್ಲಿಯೇ.

ಒಂದು ಸಂಜೆ ಅದರ ಎಡಮಗ್ಗುಲು ಮೂಕವಾಯಿತು. ನಾನು ವೃತ್ತಿಯಿಂದ ಕನ್ನಡ ಪಂಡಿತ. ಹೈಸ್ಕೂಲಿನ ಮಕ್ಕಳಿಗೆ ಸಂಧಿ ಸಮಾಸ ಹೇಳಿಕೊಡುವವನು. ಆದರೆ ಬೆಸುಗೆಯ ಕಡ್ಡಿ ಹಿಡಿಯುವ ಹವ್ಯಾಸ ಚಿಕ್ಕಂದಿನಿಂದಲೂ ಅಂಟಿದೆ. ಮುಚ್ಚಳ ಬಿಚ್ಚಿ ನೋಡಿದೆ. ಫ್ಯೂಸು ಹೋಗಿತ್ತು. ಎಡಭಾಗದ ಎರಡು ದೊಡ್ಡ ಟ್ರಾನ್ಸಿಸ್ಟರುಗಳಲ್ಲಿ ಒಂದು ಸತ್ತಿತ್ತು. ರೋಗ ಸಿಕ್ಕಿತೆಂದು ಹಿಗ್ಗಿ, ಎಷ್ಟೋ ದಿನ ಕಾದು ತರಿಸಿಕೊಂಡ ಅದೇ ಜಾತಿಯ ಟ್ರಾನ್ಸಿಸ್ಟರನ್ನು ಕೂಡಿಸಿ, ಹೊಸ ಫ್ಯೂಸು ಹಾಕಿ ಗುಂಡಿ ಒತ್ತಿದೆ. ಕಣ್ಣು ಮಿಟುಕಿಸುವುದರೊಳಗೆ ಹೊಸದೂ ಹೋಯಿತು, ಅದುವರೆಗೆ ಬದುಕಿದ್ದ ಅದರ ಜೊತೆಗಾರನೂ ಹೋಯಿತು. ಎಳೆಹೊಗೆಯೊಂದು ಮೇಲೆದ್ದಿತು. ತಯಾರಿಕೆ ನಿಂತು ದಶಕಗಳೇ ಕಳೆದ ವಸ್ತುಗಳು! ಮಾವನವರು ಏನೂ ಅನ್ನಲಿಲ್ಲ. ಉಪಾಯಮಾಡಿ ಎಡಭಾಗದ ತಂತಿಗಳನ್ನು ಬೇರ್ಪಡಿಸಿ ಕೊಟ್ಟಮೇಲೆ, ಬಲಗಡೆಯ ಸ್ಪೀಕರಿನ ಬಳಿಗೆ ಕುರ್ಚಿ ಎಳೆದುಕೊಂಡು ವಾರ್ತೆ ಕೇಳತೊಡಗಿದರು. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು.

ಓಲೆಗರಿಯ ಪ್ರತಿಯಲ್ಲಿ ಒಂದು ಅಕ್ಷರ ತಪ್ಪಿದ್ದರೆ ಅದನ್ನಷ್ಟೇ ತಿದ್ದಿ ಮುಂದೆ ಹೋಗಬಾರದು, ಆ ಪ್ರತಿಯ ವಂಶಾವಳಿಯನ್ನು ಮೊದಲು ತಿಳಿಯಬೇಕು ಎಂಬುದನ್ನು ಓದಿ ಪರೀಕ್ಷೆ ಬರೆದವನು ನಾನು. ಪೆಟ್ಟಿಗೆಯ ಮುಂದೆ ಅದನ್ನು ಮರೆತಿದ್ದೆ. ಸ್ಪೀಕರಿಗೆ ಶಕ್ತಿಯುಣಿಸುವ ಈ ಕಡೆಯ ಮೆಟ್ಟಿಲು ಹೇಗೆ ಹುಟ್ಟಿ ಹೇಗೆ ಬೆಳೆದು ಬಂದಿತು, ಒಂದು ಸತ್ತರೆ ಮಗ್ಗುಲಿನದೂ ಏಕೆ ಸಾಯುತ್ತದೆ ಎಂದು ಆಗ ಓದತೊಡಗಿದೆ. ಆ ಕಥೆಯನ್ನೇ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಅಮೆರಿಕದ ಲೀ ಡಿ ಫಾರೆಸ್ಟ್ ೧೯೦೬ರಲ್ಲಿ ಆಡಿಯಾನ್ ಎಂಬ ಗಾಜಿನ ಬುರುಡೆಯನ್ನು ರಚಿಸಿದನಷ್ಟೆ. ನಮ್ಮ ಹಿರಿಯರು ವಾಲ್ವೆಂದು ಕರೆದ ವಸ್ತುವಿನ ಮೂಲಪುರುಷ ಅದು. ಆದರೆ ಬಹುಕಾಲ ರೇಡಿಯೊ ಕೇಳುವುದೆಂದರೆ ಕಿವಿಗೆ ಹೆಡ್‌ಫೋನು ತಗುಲಿಸಿಕೊಂಡು ಕೂರುವುದೇ ಆಗಿತ್ತು. ಕೋಣೆ ತುಂಬುವ ದನಿ ಬೇಕಾದರೆ ತಕ್ಕ ಸ್ಪೀಕರು ಬೇಕು, ಅದನ್ನು ಅಲುಗಿಸುವ ಶಕ್ತಿಯೂ ಬೇಕು. ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ೧೯೨೫ರಲ್ಲಿ ಸುರುಳಿಯೂ ಕಾಗದದ ಶಂಕುವೂ ಉಳ್ಳ ಸ್ಪೀಕರನ್ನು ವಿವರಿಸಿದರು. ಇಂದಿಗೂ ನಮ್ಮ ಮನೆಗಳಲ್ಲಿ ಹಾಡುತ್ತಿರುವುದು ಬಹುಮಟ್ಟಿಗೆ ಅದರ ಸಂತಾನವೇ.

ಇಲ್ಲೊಂದು ತೊಡಕು ಹುಟ್ಟಿತು. ವಾಲ್ವು ಕೊಡುವುದು ಹೆಚ್ಚು ವೋಲ್ಟು, ಕಡಮೆ ಪ್ರವಾಹ. ಸ್ಪೀಕರಿನ ಸುರುಳಿ ಬೇಡುವುದು ಕಡಮೆ ವೋಲ್ಟು, ಹೆಚ್ಚು ಪ್ರವಾಹ. ಇವೆರಡರ ನಡುವೆ ವ್ಯವಹಾರ ಕುದುರಿಸಲು ದಲ್ಲಾಳಿಯಾಗಿ ನಿಂತದ್ದು ಔಟ್‌ಪುಟ್ ಟ್ರಾನ್ಸ್‌ಫಾರ್ಮರು. ಅದು ತೂಕದ ವಸ್ತು, ದುಬಾರಿ ವಸ್ತು, ದನಿಯನ್ನು ಅಷ್ಟಿಷ್ಟು ಕೆಡಿಸುವ ವಸ್ತು. ಆದರೆ ಅದರಿಂದ ಒಂದು ದೊಡ್ಡ ಉಪಕಾರವಿತ್ತು. ಏರಿಳಿಯುವ ದನಿಯನ್ನು ಮಾತ್ರ ಅದು ದಾಟಿಸುತ್ತಿತ್ತು. ವಾಲ್ವಿನ ನೂರಾರು ವೋಲ್ಟಿನ ನೇರ ವಿದ್ಯುತ್ತು ಸ್ಪೀಕರನ್ನು ಮುಟ್ಟುವಂತಿರಲಿಲ್ಲ. ಒಂದು ಮೆಟ್ಟಿಲಿಗೂ ಇನ್ನೊಂದಕ್ಕೂ ನಡುವೆ ಹೆಚ್ಚಾಗಿ ಕಂಡೆನ್ಸರಿನ ತಡೆಯೂ ಇರುತ್ತಿತ್ತು. ಒಂದು ವಾಲ್ವು ಸತ್ತರೆ ಅದನ್ನು ಕಿತ್ತು ಇನ್ನೊಂದನ್ನು ಚುಚ್ಚಿದರೆ ಸಾಮಾನ್ಯವಾಗಿ ಕೆಲಸ ಮುಗಿಯುತ್ತಿತ್ತು. ನಾನು ಮಾಡಿದ ತಪ್ಪು ಆ ಕಾಲಕ್ಕೆ ತಪ್ಪೇ ಅಲ್ಲ.

ದನಿಯ ಶುದ್ಧಿಯ ವಿಚಾರಕ್ಕೆ ಬಂದರೆ ಹೆರಾಲ್ಡ್ ಬ್ಲ್ಯಾಕನ ಹೆಸರನ್ನು ಹೇಳದೆ ಮುಂದೆ ಹೋಗಲಾಗದು. ಬೆಲ್ ಪ್ರಯೋಗಶಾಲೆಯ ಈ ತರುಣ ೧೯೨೭ರ ಆಗಸ್ಟ್ ೨ರ ಬೆಳಗ್ಗೆ ಹಡ್ಸನ್ ನದಿ ದಾಟುವ ಹಡಗಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದಾಗ ಒಂದು ಉಪಾಯ ಹೊಳೆದು, ಕೈಯಲ್ಲಿದ್ದ ವೃತ್ತಪತ್ರಿಕೆಯ ಹಾಳೆಯ ಮೇಲೆಯೇ ಗೀಚಿಟ್ಟನು. ಹೊರಬಂದ ದನಿಯ ಒಂದಂಶವನ್ನು ತಲೆಕೆಳಗು ಮಾಡಿ ಮತ್ತೆ ಒಳಗೆ ಕಳಿಸಿದರೆ, ನಡುವೆ ಸೇರಿಕೊಂಡ ದೋಷ ತನ್ನನ್ನು ತಾನೇ ಕಳೆದುಕೊಳ್ಳುತ್ತದೆ ಎಂಬುದೇ ಆ ಉಪಾಯ. ಇದಕ್ಕೆ ಪೇಟೆಂಟು ದೊರೆಯಲು ೧೯೩೭ರವರೆಗೆ ಕಾಯಬೇಕಾಯಿತು. ೧೯೪೭ರಲ್ಲಿ ಬ್ರಿಟನ್ನಿನ ಡಿ. ಟಿ. ಎನ್. ವಿಲಿಯಮ್ಸನ್ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಈ ತತ್ತ್ವವನ್ನು ಬಳಸಿದ ೧೫ ವಾಟಿನ ವರ್ಧಕವನ್ನು ಪ್ರಕಟಿಸಿದನು. ಅದರಲ್ಲಿ ಅವನು ಬಹಳ ಶ್ರಮಪಟ್ಟದ್ದು ಆ ದಲ್ಲಾಳಿ ಟ್ರಾನ್ಸ್‌ಫಾರ್ಮರನ್ನು ಹದ್ದಿನಲ್ಲಿಡುವುದಕ್ಕೆ.

ಅದೇ ೧೯೪೭ರ ಡಿಸೆಂಬರಿನಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಬಾರ್ಡೀನ್ ಮತ್ತು ಬ್ರಾಟೈನ್ ಮೊದಲ ಟ್ರಾನ್ಸಿಸ್ಟರನ್ನು ನಡೆಸಿ ತೋರಿದರು. ವಾಲ್ವಿಗೂ ಟ್ರಾನ್ಸಿಸ್ಟರಿಗೂ ನಡುವೆ ಪಶ್ಚಿಮದಲ್ಲಿ ನಾಲ್ವತ್ತು ವರ್ಷಗಳ ಅಂತರ. ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಾದರೋ ೧೯೬೧ರಲ್ಲಿ ರೇಡಿಯೊ ವಾಲ್ವುಗಳನ್ನೂ ಮರುವರ್ಷವೇ ಜರ್ಮೇನಿಯಂ ಟ್ರಾನ್ಸಿಸ್ಟರುಗಳ ವರ್ಗವನ್ನೂ ತಯಾರಿಸತೊಡಗಿತು. ಅಜ್ಜನೂ ಮೊಮ್ಮಗನೂ ಒಂದೇ ಮನೆಯಲ್ಲಿ ಒಂದು ವರ್ಷದ ಅಂತರದಲ್ಲಿ ಹುಟ್ಟಿದಂತಾಯಿತು!

ಟ್ರಾನ್ಸಿಸ್ಟರು ಕಡಮೆ ವೋಲ್ಟಿನಲ್ಲಿ ಹೆಚ್ಚು ಪ್ರವಾಹ ಕೊಡಬಲ್ಲದು. ಸ್ಪೀಕರು ಬೇಡುವುದೂ ಅದನ್ನೇ. ಇನ್ನು ದಲ್ಲಾಳಿ ಏತಕ್ಕೆ? ೧೯೫೬ರಲ್ಲಿ ಆರ್.ಸಿ.ಎ. ಸಂಸ್ಥೆಯಲ್ಲಿದ್ದ, ಚೀನಾ ಮೂಲದ ಎಚ್. ಸಿ. ಲಿನ್ ಎಂಬ ಎಂಜಿನಿಯರು ಟ್ರಾನ್ಸ್‌ಫಾರ್ಮರನ್ನೇ ಬಿಟ್ಟ ಜೋಡಣೆಯೊಂದನ್ನು ಪ್ರಕಟಿಸಿದನು. ಅಲೆಯ ಮೇಲರ್ಧವನ್ನು ಒಂದು ಟ್ರಾನ್ಸಿಸ್ಟರು, ಕೆಳಗಿನರ್ಧವನ್ನು ಇನ್ನೊಂದು ನೋಡಿಕೊಳ್ಳುತ್ತವೆ. ಮರ ಕೊಯ್ಯುವಾಗ ಇಬ್ಬರು ಗರಗಸವನ್ನು ಸರದಿಯ ಮೇಲೆ ಎಳೆಯುವ ಹಾಗೆ. ಶಕ್ತಿಶಾಲಿಯಾದ ಟ್ರಾನ್ಸಿಸ್ಟರುಗಳಲ್ಲಿ ಎರಡು ಜಾತಿಗಳೂ ಸಮಬಲವಾಗಿ ಸಿಕ್ಕದಿದ್ದ ಕಾಲ ಅದು. ಆದ್ದರಿಂದ ಒಂದೇ ಜಾತಿಯ ಎರಡು ದೊಡ್ಡವನ್ನಿಟ್ಟು, ಅವುಗಳನ್ನು ನಡೆಸುವ ಚಿಕ್ಕವುಗಳಲ್ಲಿ ಮಾತ್ರ ಎರಡು ಜಾತಿಯನ್ನು ಬಳಸಿದ್ದು ಲಿನ್ನನ ಜಾಣತನ. ೧೯೬೧ರ ಜೂನ್ ೧ರಂದು ಅಮೆರಿಕದಲ್ಲಿ ಎಫ್.ಎಂ. ಸ್ಟೀರಿಯೊ ಪ್ರಸಾರ ಅಧಿಕೃತವಾಗಿ ಆರಂಭವಾಯಿತು. ಮನೆಮನೆಗೂ ಎರಡೆರಡು ವರ್ಧಕ ಬೇಕಾಯಿತು. ಎರಡು ಜೋಡಿ ವಾಲ್ವು, ಎರಡು ಭಾರಿ ಟ್ರಾನ್ಸ್‌ಫಾರ್ಮರುಗಳಿಗಿಂತ ಹಗುರವಾದ ಲಿನ್ನನ ಜೋಡಣೆಗೆ ಬೆಲೆ ಬಂದುದು ಸಹಜವೇ.

ಮೊದಮೊದಲು ಟ್ರಾನ್ಸ್‌ಫಾರ್ಮರಿನ ಸ್ಥಾನದಲ್ಲಿ ದೊಡ್ಡ ಕಂಡೆನ್ಸರೊಂದು ಸ್ಪೀಕರಿನ ಕಾವಲಿಗಿತ್ತು. ಮುಂದೆ ಧನ, ಋಣ ಎಂಬ ಎರಡು ವಿದ್ಯುತ್ ಮೂಲಗಳನ್ನು ಒದಗಿಸಿ ಆ ಕಂಡೆನ್ಸರನ್ನೂ ತೆಗೆದುಹಾಕಿದರು. ದನಿ ನಿರ್ಮಲವಾಯಿತು, ನಿಜ. ಆದರೆ ಕಾವಲುಗಾರನೂ ಹೋದ! ೩೫ ವೋಲ್ಟಿನ ಮೂಲಕ್ಕೆ ಕಟ್ಟಿದ ಟ್ರಾನ್ಸಿಸ್ಟರೊಂದು ಒಳಗೇ ಕೂಡಿಕೊಂಡು ಸತ್ತರೆ, ೮ ಓಮಿನ ಸ್ಪೀಕರಿನೊಳಕ್ಕೆ ಸುಮಾರು ೧೫೦ ವಾಟಿನ ನೇರ ವಿದ್ಯುತ್ತು ನುಗ್ಗಬಹುದು. ಅದು ಸಂಗೀತವಲ್ಲ, ಬರಿಯ ಕಾವು; ಸುರುಳಿ ಸುಟ್ಟುಹೋಗುತ್ತದೆ. ಅದನ್ನು ತಡೆಯಲು ರಿಲೇ ಎಂಬ ಕೊಂಡಿ ಬಂದಿತು. ೧೯೭೦ರ ದಶಕದ ಅನೇಕ ರಿಸೀವರುಗಳಲ್ಲಿ ಗುಂಡಿ ಒತ್ತಿದ ಕೆಲವು ಕ್ಷಣಗಳ ಮೇಲೆ ‘ಟಿಕ್’ ಎಂಬ ಸದ್ದು ಕೇಳುತ್ತದಲ್ಲ, ಅದೇ ಈ ದ್ವಾರಪಾಲಕ.

ಆ ದಶಕದಲ್ಲಿ ವಾಟುಗಳ ಪೈಪೋಟಿ ಮಿತಿಮೀರಿತ್ತು. ಜಾಹೀರಾತಿನ ಅತಿಶಯೋಕ್ತಿಯನ್ನು ತಡೆಯಲು ಅಮೆರಿಕದ ವ್ಯಾಪಾರ ಆಯೋಗ ೧೯೭೪ರಲ್ಲಿ ನಿಯಮವೊಂದನ್ನು ತಂದಿತು. ಹೇಳಿಕೊಂಡ ಶಕ್ತಿಯ ಮೂರನೆಯ ಒಂದು ಪಾಲಿನಲ್ಲಿ ಯಂತ್ರವನ್ನು ಒಂದು ಗಂಟೆ ದುಡಿಸಿ, ಆಮೇಲೆ ಅಳೆಯಬೇಕು ಎಂಬುದು ಅದರಲ್ಲೊಂದು ಕಟ್ಟಳೆ. ಈ ಬಗೆಯ ಜೋಡಣೆ ಅತಿ ಹೆಚ್ಚು ಕಾಯುವುದು ಪೂರ್ಣಶಕ್ತಿಯಲ್ಲಲ್ಲ, ಆ ನಡುಮಟ್ಟದ ಆಸುಪಾಸಿನಲ್ಲಿಯೇ. ಕಟ್ಟಳೆಗೆ ತಲೆಬಾಗಿದ ತಯಾರಕರು ಕಾವನ್ನು ಚೆಲ್ಲುವ ಅಲ್ಯೂಮಿನಿಯಮ್ ರೆಕ್ಕೆಗಳನ್ನು ದೊಡ್ಡದು ಮಾಡಬೇಕಾಯಿತು. ೧೯೭೮ರ ಪಯೋನಿಯರ್ ಎಸ್‌ಎಕ್ಸ್-೧೯೮೦ ಎಂಬ ರಿಸೀವರಿಗೆ ಒಂದೊಂದು ಮಗ್ಗುಲಿಗೂ ೨೭೦ ವಾಟು. ಮದುವೆ ಮನೆಗೂ ಹೆಚ್ಚಾದೀತು!

ಇಷ್ಟನ್ನು ತಿಳಿದುಕೊಂಡು ಮಾವನವರ ಪೆಟ್ಟಿಗೆಯನ್ನು ಮತ್ತೆ ಬಿಚ್ಚಿದೆ. ಈ ಸಲ ಗೊತ್ತಿತ್ತು: ಇದರಲ್ಲಿ ಟ್ರಾನ್ಸ್‌ಫಾರ್ಮರಿಲ್ಲ, ನಡುವೆ ಕಂಡೆನ್ಸರಿಲ್ಲ, ಒಂದರ ಬಾಲವನ್ನು ಇನ್ನೊಂದು ಕಚ್ಚಿ ನಿಂತ ಸರಪಳಿಯಿದು. ಮೇಲಾಗಿ ಬ್ಲ್ಯಾಕನ ಹಿಂದಿರುಗುವ ದಾರಿಯೊಂದಿದೆ, ಆದ್ದರಿಂದ ಎಲ್ಲೋ ಒಂದೆಡೆ ಕೆಟ್ಟರೆ ಎಲ್ಲ ಕಡೆಯ ವೋಲ್ಟೂ ಕೆಟ್ಟಂತೆಯೇ ತೋರುತ್ತದೆ. ಸತ್ತದ್ದೇ ಅಪರಾಧಿ ಎಂದು ನಂಬುವಂತಿಲ್ಲ.

ನನಗೆ ದಾರಿ ತೋರಿದ್ದು ಬಲಮಗ್ಗುಲು. ಸ್ಟೀರಿಯೊ ಯಂತ್ರದಲ್ಲಿ ಒಂದೇ ಗ್ರಂಥದ ಎರಡು ಪ್ರತಿಗಳಿರುತ್ತವೆ. ಒಂದರಲ್ಲಿ ಹುಳು ತಿಂದ ಜಾಗ ಇನ್ನೊಂದರಲ್ಲಿ ಚೆನ್ನಾಗಿರುತ್ತದೆ. ತಂತಿ ಕಿತ್ತು, ದೊಡ್ಡ ಕಂಡೆನ್ಸರುಗಳಲ್ಲಿ ಉಳಿದ ವಿದ್ಯುತ್ತು ಇಳಿದಿದೆಯೆಂದು ಮೀಟರಿನಿಂದ ಖಚಿತಮಾಡಿಕೊಂಡು (ಇದನ್ನು ಮರೆತರೆ ಕೈಗೆ ಅಪಾಯ), ಎಡಬಲದ ಒಂದೊಂದು ಬಿಂದುವನ್ನೂ ಅಳೆದು ಪಾಠಾಂತರ ಗುರುತುಹಾಕಿದಂತೆ ಕಾಗದದ ಮೇಲೆ ಬರೆದೆ. ನಡೆಸುವ ಚಿಕ್ಕ ಟ್ರಾನ್ಸಿಸ್ಟರೊಂದು ಸತ್ತಿತ್ತು. ೦.೩೩ ಓಮಿನ ರೆಸಿಸ್ಟರೊಂದು ಹರಿದಿತ್ತು. ಇವು ಬಲಿಪಶುಗಳು. ನಿಜವಾದ ಅಪರಾಧಿ ಅಲ್ಯೂಮಿನಿಯಮ್ ರೆಕ್ಕೆಗೆ ಅಂಟಿ ಕೂತ ಪುಟ್ಟ ಡಯೋಡು. ಅದರ ಕಾಲಿನ ಬೆಸುಗೆ ಬಿರಿದಿತ್ತು.

ಅದರ ಕೆಲಸವನ್ನು ಹೇಳಬೇಕು. ಗರಗಸ ಎಳೆಯುವ ಇಬ್ಬರೂ ಸರದಿ ಬದಲಿಸುವಾಗ ಒಂದು ಕ್ಷಣ ಸುಮ್ಮನಾದರೆ ದನಿ ಅಲ್ಲಿ ಒರಟಾಗುತ್ತದೆ. ಆದಕಾರಣ ದನಿಯಿಲ್ಲದಾಗಲೂ ಎರಡರಲ್ಲಿಯೂ ಅಲ್ಪ ಪ್ರವಾಹ ಹರಿಯುತ್ತಿರುವಂತೆ ಎಚ್ಚರವಾಗಿಟ್ಟಿರುತ್ತಾರೆ. ಆದರೆ ಟ್ರಾನ್ಸಿಸ್ಟರು ಬಿಸಿಯಾದಂತೆ ಪ್ರವಾಹ ಏರುತ್ತದೆ, ಪ್ರವಾಹ ಏರಿದಂತೆ ಬಿಸಿ ಏರುತ್ತದೆ. ಕೊನೆಗೆ ಭಸ್ಮಾಸುರನ ಗತಿ. ಡಯೋಡು ಅದೇ ರೆಕ್ಕೆಯ ಕಾವನ್ನು ತಾನೂ ಉಂಡು, ಪ್ರತಿ ಡಿಗ್ರಿಗೆ ಸುಮಾರು ೨ ಮಿಲಿವೋಲ್ಟಿನಂತೆ ತನ್ನ ವೋಲ್ಟನ್ನು ತಗ್ಗಿಸಿ ಅವುಗಳ ಲಗಾಮು ಎಳೆಯುತ್ತದೆ. ಅದರ ಕಾಲು ಕಳಚಿದರೆ ಲಗಾಮೇ ಇಲ್ಲ. ಎರಡೂ ಏಕಕಾಲದಲ್ಲಿ ಬಾಯಿತೆರೆದು ಒಂದನ್ನೊಂದು ಸುಡುತ್ತವೆ. ಮೊದಲ ಸಲ ನಾನು ಹೊಸ ಟ್ರಾನ್ಸಿಸ್ಟರನ್ನು ಒಪ್ಪಿಸಿದ್ದು ಇಂಥ ಕುಲುಮೆಗೆ. ಕೆಲವೇ ರೂಪಾಯಿಯ ವಸ್ತು!

ದೊಡ್ಡ ಟ್ರಾನ್ಸಿಸ್ಟರುಗಳ ಮೂಲ ಜಾತಿ ಮತ್ತೆ ಸಿಕ್ಕಲಿಲ್ಲ. ಹಳೆಯ ಹೆಸರು ಅಚ್ಚೊತ್ತಿದ ನಕಲಿಗಳು ಪೇಟೆಯಲ್ಲಿ ಬಹಳವಿರುವುದರಿಂದ, ಇಂದಿಗೂ ತಯಾರಾಗುತ್ತಿರುವ ಸಮಾನಬಲದ ಬೇರೆ ಜೋಡಿಯನ್ನು ನಂಬಿಕೆಯ ಅಂಗಡಿಯಿಂದ ತಂದೆ. ಅವುಗಳ ಅಡಿಗೆ ಕಾಗೆಬಂಗಾರದ ತೆಳುಹಾಳೆಯನ್ನೂ ಕಾವು ಸಾಗಿಸುವ ಬಿಳಿಯ ಲೇಪವನ್ನೂ ಇಟ್ಟು ಬಿಗಿದೆ. ಆ ಹಾಳೆ ಹರಿದರೆ ಟ್ರಾನ್ಸಿಸ್ಟರಿನ ಮೈ ನೇರವಾಗಿ ರೆಕ್ಕೆಗೆ ತಾಗಿ ಮತ್ತೆ ಅನರ್ಥ. ಸ್ಪೀಕರನ್ನು ಇನ್ನೂ ಕೂಡಿಸಿರಲಿಲ್ಲ. ವಿದ್ಯುತ್ತಿನ ದಾರಿಯಲ್ಲಿ ಹಳೆಯ ಕಾಲದ ೬೦ ವಾಟಿನ ತಂತಿಬಲ್ಬೊಂದನ್ನು ಸಾಲಾಗಿ ಸೇರಿಸಿದೆ. ಒಳಗೆ ಎಲ್ಲಾದರೂ ನೇರಸಂಪರ್ಕವಾಗಿದ್ದರೆ ಬಲ್ಬು ಪೂರ್ತಿ ಉರಿದು ಪ್ರವಾಹವನ್ನು ತಾನೇ ನುಂಗುತ್ತದೆ. ಸರಿಯಿದ್ದರೆ ಒಮ್ಮೆ ಬೆಳಗಿ ಮಂಕಾಗುತ್ತದೆ. ಎಚ್ಚರದ ಪ್ರವಾಹದ ತಿರುಪನ್ನು ಕನಿಷ್ಠಕ್ಕೆ ತಿರುಗಿಸಿ ಗುಂಡಿ ಒತ್ತಿದೆ. ಬಲ್ಬು ಬೆಳಗಿತು. ಮಾವನವರು ಕನ್ನಡಕ ಸರಿಪಡಿಸಿಕೊಂಡು ಹತ್ತಿರ ಬಂದು ನಿಂತರು. ಬಲ್ಬು ಮೆಲ್ಲನೆ ಮಂಕಾಯಿತು. ಸ್ವಲ್ಪ ಹೊತ್ತಾದ ಮೇಲೆ ‘ಟಿಕ್’ ಎಂದಿತು.

ಸ್ಪೀಕರು ಕೂಡಬೇಕಾದ ಜಾಗದಲ್ಲಿ ನೇರ ವಿದ್ಯುತ್ತು ಹೆಚ್ಚುಕಡಮೆ ಸೊನ್ನೆ. ಬಲ್ಬು ತೆಗೆದು ಅರ್ಧಗಂಟೆ ಕಾಯಿಸಿ, ಬಲಗಡೆಯ ೦.೩೩ ಓಮಿನ ರೆಸಿಸ್ಟರಿನ ಮೇಲೆ ಮೀಟರು ಇಟ್ಟೆ, ೧೧ ಮಿಲಿವೋಲ್ಟು. ಎಡಗಡೆಯ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತ ಅಲ್ಲಿಯೂ ಅದೇ ೧೧ಕ್ಕೆ ತಂದೆ. ಅಷ್ಟರಲ್ಲಿ ಮಾವನವರು ಬಲಗಡೆಯಲ್ಲಿದ್ದ ತಮ್ಮ ಕುರ್ಚಿಯನ್ನು ಎರಡು ಸ್ಪೀಕರುಗಳ ನಡುವಿಗೆ ಎಳೆದು ಹಾಕಿಕೊಂಡಿದ್ದರು.