ಸಾಗು ತೋಪು ಮತ್ತು ಶಾಲೆಯ ಗಂಟೆ: ಅಸ್ಮತ್ ಜನರ ಊರೂ ಧರ್ಮಸಭೆಯೂ

2018ರ ಜನವರಿಯಲ್ಲಿ ಇಂಡೋನೇಷ್ಯಾದ ಪಪುವಾ ಪ್ರಾಂತ್ಯದ ಅಸ್ಮತ್ ಜಿಲ್ಲೆ ಕೆಲವು ವಾರಗಳ ಮಟ್ಟಿಗೆ ಜಗತ್ತಿನ ಕಣ್ಣಿಗೆ ಬಿತ್ತು. ದಡಾರ ಮತ್ತು ಅಪೌಷ್ಟಿಕತೆಗಳಿಂದ ಅಲ್ಲಿ 70ಕ್ಕೂ ಹೆಚ್ಚು ಮಕ್ಕಳು ತೀರಿಕೊಂಡಿದ್ದರು. ರೋಗ ತಗಲಿದವರ ಸಂಖ್ಯೆ 600ನ್ನು ಮೀರಿತ್ತು. ಸೈನ್ಯದ ವೈದ್ಯರು ಬಂದರು. ಜಿಲ್ಲಾ ಕೇಂದ್ರವಾದ ಅಗಾತ್ಸ್‌ನ ಚಿಕ್ಕ ಆಸ್ಪತ್ರೆಯಲ್ಲಿ ಜಾಗ ಸಾಲದೆ ಚರ್ಚಿನ ಸಭಾಂಗಣದಲ್ಲಿ ಮಕ್ಕಳನ್ನು ಮಲಗಿಸಬೇಕಾಯಿತು. ಚದುರಿ ಬಿದ್ದಿರುವ ಹಳ್ಳಿಗಳ ಜನರನ್ನು ಪಟ್ಟಣದ ಸಮೀಪಕ್ಕೆ ತಂದು ನೆಲೆಗೊಳಿಸಿದರೆ ಔಷಧವೂ ಆಹಾರವೂ ಸುಲಭವಾಗಿ ತಲುಪುತ್ತವೆ ಎಂಬ ಸಲಹೆ ರಾಜಧಾನಿಯಿಂದ ಬಂದಿತು. ಜಿಲ್ಲೆಯ ಚುನಾಯಿತ ಮುಖ್ಯಸ್ಥರು ಅದನ್ನು ಒಪ್ಪಲಿಲ್ಲ. ಇಲ್ಲಿ ಒಂದೊಂದು ಕುಲಕ್ಕೂ ತನ್ನದೇ ಆದ ನದಿ, ತನ್ನದೇ ಆದ ಕಾಡು ಇದೆ. ಒಂದು ಕುಲವನ್ನು ಕಿತ್ತು ಇನ್ನೊಂದರ ನೆಲದಲ್ಲಿ ನೆಡಲಾಗದು ಎಂಬುದು ಅವರ ನಿಲುವಾಗಿತ್ತು.

ಆ ಸಲಹೆ ಹೊಸದೇನಲ್ಲ. ನ್ಯೂಗಿನಿಯ ದಕ್ಷಿಣ ಕರಾವಳಿಗೆ ನೂರು ವರ್ಷಗಳಿಂದ ಉಪಕಾರ ಮಾಡಲು ಹೋದವರೆಲ್ಲ, ಡಚ್ ಅಧಿಕಾರಿಗಳಾಗಲಿ, ಇಂಡೋನೇಷ್ಯಾದ ಆಡಳಿತವಾಗಲಿ, ನಮ್ಮ ಮಿಷನರಿ ಗುರುಗಳಾಗಲಿ, ಮೊದಲು ಆಡಿದ ಮಾತು ಇದೇ: ಒಂದೆಡೆ ಇರಿ. ಈ ಮಾತಿನ ಚರಿತ್ರೆಯನ್ನು ನಾವು ಇಲ್ಲಿ ಪರಿಶೀಲಿಸಲು ಬಯಸುತ್ತೇವೆ. ಅದರಲ್ಲಿ ಧರ್ಮಸಭೆಯ ಪಾಲು ದೊಡ್ಡದು. ಆ ಪಾಲಿನಲ್ಲಿ ಹೆಮ್ಮೆಪಡಬೇಕಾದದ್ದೂ ಇದೆ, ಮರುವಿಚಾರಕ್ಕೆ ಒಳಪಡಿಸಬೇಕಾದದ್ದೂ ಇದೆ.

ಮೊದಲು ನೆಲವನ್ನು ನೋಡೋಣ. ಆದರೆ ಅಸ್ಮತ್‌ನಲ್ಲಿ ಗಟ್ಟಿನೆಲವೆಂಬುದೇ ಅಪರೂಪ. ಅರಫುರ ಸಮುದ್ರದ ಅಂಚಿನಲ್ಲಿ ಹಬ್ಬಿರುವ ಈ ಜೌಗು ಪ್ರದೇಶದಲ್ಲಿ ಸಮುದ್ರದ ಭರತವು ನದಿಗಳ ಮೂಲಕ ಬಹುದೂರ ಒಳನುಗ್ಗುತ್ತದೆ. ಇಳಿತದ ಹೊತ್ತಿನಲ್ಲಿ ಕಣ್ಣು ಹಾಯಿಸಿದಷ್ಟೂ ಕೆಸರು. ಇಲ್ಲಿ ಕಲ್ಲು ಸಿಗುವುದಿಲ್ಲ. ಹಿಂದಿನ ಕಾಲದಲ್ಲಿ ಕೊಡಲಿಯ ಕಲ್ಲು ಬೆಟ್ಟದ ಸೀಮೆಯಿಂದ ಕೈಯಿಂದ ಕೈಗೆ ವಿನಿಮಯವಾಗುತ್ತ ಬರಬೇಕಿತ್ತು. ಮನೆಗಳು ಕಂಬಗಳ ಮೇಲೆ ನಿಲ್ಲುತ್ತವೆ. ಅಗಾತ್ಸ್ ಪಟ್ಟಣದ ಬೀದಿಗಳೂ ಕೆಸರಿನ ಮೇಲೆ ಎತ್ತರದಲ್ಲಿ ಕಟ್ಟಿದ ಹಲಗೆಯ ದಾರಿಗಳೇ. ಕುಡಿಯಲು ಮಳೆಯ ನೀರೇ ಆಧಾರ. ಹಳ್ಳಿಯಿಂದ ಹಳ್ಳಿಗೆ ಹೋಗಬೇಕೆಂದರೆ ದೋಣಿ ಬೇಕು. ಒಂದೇ ಮರದ ದಿಮ್ಮಿಯನ್ನು ಕೊರೆದು ಮಾಡಿದ ಉದ್ದನೆಯ ದೋಣಿಗಳಲ್ಲಿ ಅಸ್ಮತ್ ಗಂಡಸರು ನಿಂತುಕೊಂಡೇ ಹುಟ್ಟು ಹಾಕುತ್ತಾರೆ. ಮಲೇರಿಯಾ ಊರಿನ ಒಬ್ಬ ಸದಸ್ಯನಂತೆ ಇದ್ದೇ ಇರುತ್ತದೆ.

ಇಂತಹ ಕಡೆ ಕೃಷಿ ನಡೆಯುವುದು ಕಷ್ಟ. ಜನರನ್ನು ಸಾಕುವುದು ಸಾಗು ತಾಳೆ. ನಮ್ಮ ಅಡುಗೆಮನೆಯ ಸಬ್ಬಕ್ಕಿ ಇಂದು ಮರಗೆಣಸಿನಿಂದ ತಯಾರಾಗುತ್ತದಾದರೂ ಅದಕ್ಕೆ ಮೂಲಮಾದರಿ ಈ ಮರದ ಹಿಟ್ಟೇ. ನಮ್ಮ ಮಲೆನಾಡಿನಲ್ಲಿಯೂ ಬರಗಾಲದಲ್ಲಿ ಬೈನೆಮರದ ತಿರುಳಿನ ಹಿಟ್ಟನ್ನು ಉಂಡವರಿದ್ದರು. ಆದರೆ ನಮಗೆ ಬರಗಾಲದ ಕೂಳಾದದ್ದು ಅಸ್ಮತ್ ಜನರಿಗೆ ನಿತ್ಯದ ಅನ್ನ. ಹತ್ತು ಹದಿನೈದು ವರ್ಷ ಬೆಳೆದ ಮರವು ಹೂ ಬಿಡುವ ಮುನ್ನ, ಕಾಂಡದಲ್ಲಿ ಹಿಟ್ಟು ತುಂಬಿರುವಾಗ, ಅದನ್ನು ಕಡಿದು ಉರುಳಿಸುತ್ತಾರೆ. ತೊಗಟೆಯನ್ನು ಸೀಳಿ ತಿರುಳನ್ನು ಕುಟ್ಟಿ ಪುಡಿಮಾಡುವುದು, ಅದೇ ಮರದ ಎಲೆಬುಡವನ್ನು ದೋಣಿಯಾಗಿಸಿ ಅದರಲ್ಲಿ ನೀರು ಹಾಕಿ ಹಿಸುಕಿ ತೊಳೆಯುವುದು, ತಳದಲ್ಲಿ ಇಳಿದ ಬಿಳಿಯ ಹಿಟ್ಟನ್ನು ಗಟ್ಟಿಮಾಡಿ ಹೊತ್ತು ತರುವುದು ಬಹುಮಟ್ಟಿಗೆ ಹೆಂಗಸರ ಶ್ರಮ. ಒಳ್ಳೆಯ ಮರವೊಂದು ನೂರು ಕಿಲೋಗಿಂತ ಹೆಚ್ಚು ಹಿಟ್ಟು ಕೊಡುತ್ತದೆ. ಆದರೆ ಅದು ಪಿಷ್ಟ ಮಾತ್ರ. ಮೈ ಬೆಳೆಸುವ ಸಾರ ಅದರಲ್ಲಿ ಬಹಳ ಕಡಿಮೆ. ಆ ಕೊರತೆಯನ್ನು ಮೀನು, ಸೀಗಡಿ, ಕಾಡುಹಂದಿ ಮತ್ತು ಕಡಿದುಬಿಟ್ಟ ಸಾಗು ಕಾಂಡಗಳಲ್ಲಿ ಬೆಳೆಯುವ ಕೊಬ್ಬಿದ ಹುಳುಗಳು ತುಂಬಬೇಕು. ಈ ಹುಳುವಿಲ್ಲದೆ ಅಸ್ಮತ್ ಜನರ ದೊಡ್ಡ ಹಬ್ಬ ನಡೆಯದು.

ಸಾಗು ತೋಪುಗಳು ಊರಿನ ಪಕ್ಕದಲ್ಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಕುಟುಂಬವು ದೋಣಿಯೇರಿ ನದಿಯ ಮೇಲ್ಭಾಗಕ್ಕೆ ಹೋಗಿ, ತನ್ನ ಪೂರ್ವಿಕರ ತೋಪಿನಲ್ಲಿ ಎಲೆಗಳ ತಾತ್ಕಾಲಿಕ ಗುಡಿಸಲು ಕಟ್ಟಿ, ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಅಲ್ಲಿಯೇ ಇರುತ್ತದೆ. ಮಕ್ಕಳೂ ಜೊತೆಗೆ ಹೋಗುತ್ತಾರೆ. ಆ ಗುಡಿಸಲನ್ನು ಅಲ್ಲಿ ‘ಬಿವಾಕ್’ ಎನ್ನುತ್ತಾರೆ. ಅಸ್ಮತ್ ಮಗು ಮೀನು ಹಿಡಿಯುವುದನ್ನು, ಮರಗಳ ಹೆಸರನ್ನು, ಯಾವ ತೋಪು ಯಾರದೆಂಬುದನ್ನು ಕಲಿಯುವುದು ಈ ಬಿವಾಕ್‌ನಲ್ಲೇ.

ಊರು ಇರಲಿಲ್ಲವೆಂದು ಇದರ ಅರ್ಥವಲ್ಲ. ನದಿಯ ತಿರುವುಗಳಲ್ಲಿ ಸಾವಿರ ಜನರವರೆಗಿನ ದೊಡ್ಡ ಊರುಗಳೇ ಇದ್ದವು. ಒಂದೊಂದು ಊರಿನಲ್ಲೂ ‘ಜೆಯು’ ಎಂಬ ಗಂಡಸರ ಉದ್ದನೆಯ ಮನೆಯಿತ್ತು. ಅದರೊಳಗೆ ಒಂದೊಂದು ಕುಟುಂಬಗಣಕ್ಕೆ ಒಂದೊಂದು ಒಲೆ. ಜನರ ಮೂಲಕಥೆಯೂ ಆ ಮನೆಯಲ್ಲೇ ಆರಂಭವಾಗುತ್ತದೆ. ಫುಮೆರಿಪಿತ್ಸ್ ಎಂಬವನು ಒಂಟಿತನವನ್ನು ತಾಳಲಾರದೆ ಮರದಿಂದ ಗಂಡು ಹೆಣ್ಣುಗಳ ಮೂರ್ತಿಗಳನ್ನು ಕೆತ್ತಿ ಜೆಯುವಿನಲ್ಲಿ ನಿಲ್ಲಿಸಿದನಂತೆ. ಅವನು ಡೋಲು ಬಾರಿಸಿದಾಗ ಆ ಮೂರ್ತಿಗಳು ಮೊದಮೊದಲು ಬಿರುಸಾಗಿ, ಆಮೇಲೆ ಸರಾಗವಾಗಿ ಕುಣಿದು ಮನುಷ್ಯರಾದವಂತೆ. ಆದಿಕಾಂಡದ ಮಣ್ಣಿನ ಮನುಷ್ಯನನ್ನು ಬಲ್ಲ ನಮಗೆ ಇದು ಅಪರಿಚಿತ ಲೋಕವೆನಿಸದು. ಆದರೆ ಅದೇ ಜೆಯುವಿನಿಂದ ತಲೆಬೇಟೆಯ ದೋಣಿಗಳೂ ಹೊರಡುತ್ತಿದ್ದವು. ಸತ್ತವನ ಸೇಡು ತೀರದೆ ಅವನ ಆತ್ಮಕ್ಕೆ ನೆಮ್ಮದಿಯಿಲ್ಲ, ಕೊಂದವನ ತಲೆಯಿಲ್ಲದೆ ಹುಡುಗನಿಗೆ ಪ್ರೌಢತೆಯ ದೀಕ್ಷೆಯಿಲ್ಲ ಎಂಬ ನಂಬಿಕೆಯಲ್ಲಿ ಊರು ಊರನ್ನು ಅಂಜಿ ಬದುಕುತ್ತಿತ್ತು. ಹಳೆಯ ಅಸ್ಮತ್ ಬದುಕನ್ನು ಸ್ವರ್ಗವೆಂದು ಚಿತ್ರಿಸುವವರು ಈ ಭಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

‘ಒಂದೆಡೆ ಇರಿ’ ಎಂಬ ಮಾತು ಆರಂಭವಾದದ್ದು ಅಸ್ಮತ್‌ನಲ್ಲಲ್ಲ, ಅದರ ಆಗ್ನೇಯಕ್ಕಿರುವ ಮೆರೌಕೆಯಲ್ಲಿ, ಮರಿಂದ್ ಜನರ ನಡುವೆ. ಯೇಸುವಿನ ಪವಿತ್ರ ಹೃದಯದ ಮಿಷನರಿಗಳು 1905ರಲ್ಲಿ ಅಲ್ಲಿಗೆ ಬಂದರು. 1910ರಿಂದ 1925ರವರೆಗೆ ಅಲ್ಲಿ ದುಡಿದ ಬೆಲ್ಜಿಯಂನ ಸ್ವಾಮಿ ಪೆಟ್ರುಸ್ ವೆರ್ಟೆಂಟೆನ್‌ರವರು ಕಂಡದ್ದು ಅಳಿದುಹೋಗುತ್ತಿದ್ದ ಒಂದು ಜನಾಂಗವನ್ನು. ಹೊರಗಿನಿಂದ ಬಂದ ಲೈಂಗಿಕ ರೋಗವೊಂದು ಜನರ ಫಲಾಚರಣೆಗಳ ಮೂಲಕವೇ ಹರಡಿ, ಊರುಗಳಲ್ಲಿ ಶಿಶುಗಳು ಹುಟ್ಟುವುದೇ ನಿಂತಿತ್ತು. ಅವರು ಪತ್ರಿಕೆಗಳಲ್ಲಿ ಬರೆದರು, ಬಟಾವಿಯಾದ ಆಡಳಿತದ ಬಾಗಿಲು ತಟ್ಟಿದರು. ಅವರ ಒತ್ತಾಯದಿಂದಲೇ ವೈದ್ಯಕೀಯ ಕಾರ್ಯಾಚರಣೆ ನಡೆಯಿತು. ಜೊತೆಗೆ ಅವರು ಮಾದರಿ ಗ್ರಾಮಗಳನ್ನು ಕಟ್ಟಿಸಿದರು: ಸಾಲಾಗಿ ಮನೆಗಳು, ಗಂಡ ಹೆಂಡತಿ ಮಕ್ಕಳಿಗೆ ಒಂದು ಮನೆ, ಸುತ್ತ ತೋಟ, ನಡುವೆ ಶಾಲೆ ಮತ್ತು ಪ್ರಾರ್ಥನಾಲಯ. ಆ ಹೊತ್ತಿಗೆ ಅದು ಪ್ರಾಣ ಉಳಿಸುವ ಉಪಾಯವಾಗಿತ್ತೆಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ರೋಗದ ಚಿಕಿತ್ಸೆಗೆಂದು ಹುಟ್ಟಿದ ಊರಿನ ನಕ್ಷೆಯೇ ಮುಂದೆ ಆರೋಗ್ಯವಂತರಿಗೂ ಕ್ರೈಸ್ತ ಜೀವನದ ನಕ್ಷೆಯಾಗಿಬಿಟ್ಟಿತು. ಒಂದು ತುರ್ತುಕ್ರಮ ಹೀಗೆ ಸಂಪ್ರದಾಯವಾಗುವುದು ಧರ್ಮಸಭೆಯ ಚರಿತ್ರೆಯಲ್ಲಿ ಇದೇ ಮೊದಲಲ್ಲ.

ಅಸ್ಮತ್‌ಗೆ ಈ ನಕ್ಷೆ ಬಂದದ್ದು ಎರಡನೆಯ ಮಹಾಯುದ್ಧದ ನಂತರ. ಅದೇ ಸಭೆಯ ಡಚ್ ಗುರುಗಳಾದ ಸ್ವಾಮಿ ಗೆರಾರ್ಡ್ ಜೆಗ್ವಾರ್ಡ್‌ರವರು 1953ರಲ್ಲಿ ಅಗಾತ್ಸ್‌ನಲ್ಲಿ ನೆಲೆಸಿದರು. ಅವರು ತಲೆಬೇಟೆಯನ್ನು ಖಂಡಿಸುವುದಕ್ಕೆ ಮೊದಲು ಅದನ್ನು ಅರ್ಥಮಾಡಿಕೊಳ್ಳಲು ಕುಳಿತರು. ಈ ಕುರಿತು 1959ರಲ್ಲಿ ಪ್ರಕಟವಾದ ಅವರ ಪ್ರಬಂಧವನ್ನು ಮಾನವಶಾಸ್ತ್ರಜ್ಞರು ಇಂದಿಗೂ ಓದುತ್ತಾರೆ. ಮರವೇ ಮನುಷ್ಯ, ಬೇರು ಕಾಲು, ಕಾಂಡ ಮೈ, ಕೊಂಬೆ ಕೈ, ಹಣ್ಣು ತಲೆ ಎಂಬ ಅಸ್ಮತ್ ಜನರ ಕಾಣ್ಕೆಯನ್ನು ದಾಖಲಿಸಿದವರೂ ಅವರೇ. ಆದರೆ ಹಳ್ಳಿಗಳಲ್ಲಿ ದಿನನಿತ್ಯ ಇದ್ದವರು ಅವರಲ್ಲ. ಶಾಲೆ ನಡೆಸಿದವರು, ಜಪ ಕಲಿಸಿದವರು, ಗಂಟೆ ಬಾರಿಸಿದವರು ಕೆಯ್ ದ್ವೀಪಗಳಿಂದ ಬಂದ ಧರ್ಮೋಪದೇಶಕ ಶಿಕ್ಷಕರು. ಇಂಡೋನೇಷ್ಯಾದ ಭಾಷೆಯಲ್ಲಿ ಶಿಕ್ಷಕನಿಗೆ ‘ಗುರು’ ಎಂದೇ ಹೆಸರು. ಕನ್ನಡ ಕ್ರೈಸ್ತರು ಯಾಜಕರನ್ನು ಗುರುಗಳೆನ್ನುವಾಗ ಅಸ್ಮತ್ ಕ್ರೈಸ್ತರು ತಮಗೆ ವಿಶ್ವಾಸವನ್ನು ಕಲಿಸಿದ ಶ್ರೀಸಾಮಾನ್ಯನನ್ನು ಗುರು ಎಂದರು. ಆ ಪ್ರಯೋಗವೇ ಹೆಚ್ಚು ನ್ಯಾಯವಾದದ್ದೆಂದು ನಮಗೆ ಕೆಲವೊಮ್ಮೆ ಅನ್ನಿಸುತ್ತದೆ.

1958ರಲ್ಲಿ ಅಮೆರಿಕದ ಕ್ರೋಜಿಯರ್ ಸಭೆಯವರು ಬಂದರು. 1963ರಲ್ಲಿ ಆಡಳಿತ ಇಂಡೋನೇಷ್ಯಾದ ಕೈಸೇರಿತು. ಹೊಸ ಅಧಿಕಾರಿಗಳಲ್ಲಿ ಕೆಲವರು ಜೆಯುಗಳನ್ನು ಅನಾಗರಿಕತೆಯ ಗೂಡುಗಳೆಂದು ಸುಡಿಸಿದರು. ಹಬ್ಬಗಳನ್ನೂ ಕೆತ್ತನೆಯನ್ನೂ ನಿಷೇಧಿಸಿದರು. 1965ರ ಜನವರಿಯಲ್ಲಿ ಕ್ರೋಜಿಯರ್ ಗುರುಗಳಾದ ಸ್ವಾಮಿ ಯಾನ್ ಸ್ಮಿತ್‌ರವರು ಅಗಾತ್ಸ್‌ನಲ್ಲಿ ಸರ್ಕಾರಿ ಅಧಿಕಾರಿಯೊಬ್ಬನ ಗುಂಡಿಗೆ ಬಲಿಯಾದರು. ಅದೇ ವರ್ಷ ಮುಕ್ತಾಯಗೊಂಡ ಎರಡನೆಯ ವ್ಯಾಟಿಕನ್ ಮಹಾಸಭೆ ಜನಾಂಗಗಳ ಸಂಪ್ರದಾಯಗಳಲ್ಲಿ ಅಡಗಿರುವ ದಿವ್ಯವಾಣಿಯ ಬೀಜಗಳನ್ನು ಗುರುತಿಸುವಂತೆ ಮಿಷನರಿಗಳಿಗೆ ಹೇಳಿತ್ತು. ಆ ಬೋಧನೆಯನ್ನು ಅಸ್ಮತ್‌ನ ಕೆಸರಿನಲ್ಲಿ ಕಾರ್ಯಗತ ಮಾಡಿದವರು ಅಗಾತ್ಸ್ ಧರ್ಮಪ್ರಾಂತ್ಯದ ಮೊದಲ ಧರ್ಮಾಧ್ಯಕ್ಷರಾದ ಆಲ್ಫೋನ್ಸ್ ಸೋವಾಡಾರವರು. 1969ರಲ್ಲಿ ಧರ್ಮಾಧ್ಯಕ್ಷರಾದಾಗ ಅವರಿಗೆ 36 ವರ್ಷ. ಮಾನವಶಾಸ್ತ್ರ ಓದಿದ್ದ ಅವರು ಕೆತ್ತನೆಗಾರರನ್ನು ಪ್ರೋತ್ಸಾಹಿಸಿದರು, 1973ರಲ್ಲಿ ಅಗಾತ್ಸ್‌ನಲ್ಲಿ ವಸ್ತುಸಂಗ್ರಹಾಲಯವನ್ನು ತೆರೆದರು. ಸರ್ಕಾರ ಸುಡಿಸಿದ್ದನ್ನು ಧರ್ಮಸಭೆ ಕಾಪಾಡಿತು. ಡೋಲು ಪೂಜೆಯೊಳಗೆ ಬಂದಿತು, ಪೂರ್ವಿಕರ ಕೆತ್ತನೆ ದೇವಾಲಯದ ಗೋಡೆಯನ್ನೇರಿತು. ಸಂಸ್ಕೃತೀಕರಣದ ಪಾಠ ಹೇಳುವಾಗಲೆಲ್ಲ ನಾವು ಗುರುಮಠಗಳಲ್ಲಿ ಎತ್ತಿಕೊಳ್ಳಬಹುದಾದ ಉತ್ತಮ ಉದಾಹರಣೆ ಇದು.

ಹೀಗಿದ್ದೂ ಒಂದು ವಿಷಯ ಹಾಗೆಯೇ ಉಳಿಯಿತು. ಕೆತ್ತನೆಗೆ ಸ್ವಾಗತ ಸಿಕ್ಕಿತು, ಬಿವಾಕ್‌ಗೆ ಸಿಗಲಿಲ್ಲ. ಕುಟುಂಬಗಳು ಸಾಗು ತೋಪಿಗೆ ಹೊರಟಾಗ ಶಾಲೆ ಬರಿದಾಗುತ್ತದೆ, ಭಾನುವಾರದ ಪೂಜೆಯಲ್ಲಿ ಹಾಜರಾತಿ ಕುಸಿಯುತ್ತದೆ, ತೂಕ ನೋಡಿ ಲಸಿಕೆ ಹಾಕುವ ದಿನ ತಾಯಂದಿರು ಇರುವುದಿಲ್ಲ. ದಾಖಲೆ ಪುಸ್ತಕದಲ್ಲಿ ಇದೆಲ್ಲ ‘ಗೈರುಹಾಜರಿ’. ಆದರೆ ಗೈರಾದವರು ಎಲ್ಲಿಗೆ ಹೋಗಿದ್ದರು? ಮಕ್ಕಳಿಗೆ ಅನ್ನ ತರಲು. ಇತ್ತ ಊರಿನಲ್ಲೇ ಉಳಿದವರ ಸ್ಥಿತಿ ಉತ್ತಮವಾಯಿತೇ? ಅಗರು ಮರದ ವ್ಯಾಪಾರಿಗಳು ಬಂದಾಗ ಕೈಗೆ ಹಣ ಬಂತು. ಹಣದ ಹಿಂದೆ ಮದ್ಯವೂ ಎಚ್‌ಐವಿಯೂ ಬಂದವು. ಮೀನು, ಹುಳು, ಕಾಡಿನ ಸೊಪ್ಪುಗಳ ಜಾಗವನ್ನು ಅಂಗಡಿಯ ಅಕ್ಕಿ ಮತ್ತು ಪೊಟ್ಟಣದ ನೂಡಲ್ಸ್ ತುಂಬಿದವು. 2018ರಲ್ಲಿ ದಡಾರ ಬಂದಾಗ ಅದನ್ನು ಎದುರಿಸುವ ಶಕ್ತಿ ಮಕ್ಕಳ ಮೈಯಲ್ಲಿ ಇರಲಿಲ್ಲ. ಲಸಿಕೆ ಹಾಕಲು ಊರು ಬೇಕು, ಮೈ ತುಂಬಿಕೊಳ್ಳಲು ಕಾಡು ಬೇಕು. ಆ ಮಕ್ಕಳಿಗೆ ಎರಡೂ ಅರ್ಧರ್ಧ ದೊರೆತಿದ್ದವು.

ದೈವಶಾಸ್ತ್ರದ ವಿದ್ಯಾರ್ಥಿಗಳಾಗಿ ನಾವು ಇಲ್ಲಿ ಕೇಳಬೇಕಾದ ಪ್ರಶ್ನೆ ಆಡಳಿತದ್ದಷ್ಟೇ ಅಲ್ಲ. ಸಮುವೇಲನ ಎರಡನೆಯ ಗ್ರಂಥದ ಏಳನೆಯ ಅಧ್ಯಾಯದಲ್ಲಿ ದಾವೀದನು ದೇವರಿಗೆ ಮನೆ ಕಟ್ಟಲು ಹೊರಟಾಗ, ತಾವು ಈವರೆಗೂ ಗುಡಾರದಲ್ಲಿದ್ದು ಜನರೊಡನೆ ಸಂಚರಿಸಿದವರೆಂದು ಸರ್ವೇಶ್ವರ ಪ್ರವಾದಿ ನಾತಾನನ ಮೂಲಕ ನೆನಪಿಸುತ್ತಾರೆ. ಸಂತ ಯೊವಾನ್ನರು ದಿವ್ಯವಾಣಿ ನಮ್ಮ ನಡುವೆ ವಾಸಿಸಿದ್ದನ್ನು ಹೇಳುವಾಗ ಬಳಸಿದ ಗ್ರೀಕ್ ಕ್ರಿಯಾಪದದ ಮೂಲಾರ್ಥ ಗುಡಾರ ಹಾಕಿದರು ಎಂದು. ಅಸ್ಮತ್ ಭಾಷಿಕನೊಬ್ಬ ಆ ವಚನವನ್ನು ಅನುವಾದಿಸಿದರೆ ಅವನಿಗೆ ಹತ್ತಿರದ ಪದ ಬಿವಾಕ್ ಅಲ್ಲವೇ? ಪ್ರಭುವಿನ ಬಲಿಪೂಜೆಗೆ ಗೋದಿಯ ರೊಟ್ಟಿಯೇ ಬೇಕೆಂದು ಧರ್ಮಸಭೆಯ ಕಾನೂನು ಸಂಹಿತೆಯ 924ನೆಯ ನಿಯಮ ವಿಧಿಸುತ್ತದೆ. ಅದನ್ನು ಸಡಿಲಿಸಬೇಕೆಂದು ನಾವು ವಾದಿಸುತ್ತಿಲ್ಲ. ಗೋದಿ ಬೆಳೆಯದ ನೆಲಕ್ಕೆ ರೊಟ್ಟಿಯನ್ನು ದೋಣಿಯಲ್ಲಿ ಒಯ್ಯುತ್ತೇವೆ, ಒಯ್ಯಲು ದಾರಿ ಹುಡುಕಿದ್ದೇವೆ. ಆದರೆ ಅದೇ ದೋಣಿ ಹಳ್ಳಿಯ ಕಟ್ಟೆಯ ಬಳಿ ನಿಂತುಬಿಡುತ್ತದೆ. ತೋಪಿನವರೆಗೆ ಹೋಗಬೇಕಾದದ್ದು ಅದರ ಕರ್ತವ್ಯವೆಂದು ನಮ್ಮ ಪಾಲನಾ ಯೋಜನೆಗಳು ಬರೆದುಕೊಂಡದ್ದು ವಿರಳ.

ಇದರ ವಿರುದ್ಧ ಗಂಭೀರವಾದ ಆಕ್ಷೇಪವಿದೆ, ಅದನ್ನು ಮರೆಮಾಚಲಾಗದು. ಅಸ್ಮತ್ ಜಿಲ್ಲೆಯಲ್ಲಿ ಇಂದು ಸುಮಾರು 1 ಲಕ್ಷ ಜನರಿದ್ದಾರೆ. ಆಡಳಿತ, ವ್ಯಾಪಾರ, ಉದ್ಯೋಗಗಳು ಹೊರಗಿನಿಂದ ಬಂದವರ ಕೈಯಲ್ಲಿ ಹೆಚ್ಚಾಗಿವೆ. ಓದು ಬರಹ ಬಾರದ ಅಸ್ಮತ್ ಯುವಕನು ತನ್ನ ತೋಪನ್ನು ಕಾಗದದ ಮೇಲೆ ಉಳಿಸಿಕೊಳ್ಳಲಾರ. ಶಾಲೆ ಬಿಟ್ಟು ಬಿವಾಕ್‌ಗೆ ಹೋಗುವ ಮಗು ಕೊನೆಗೆ ಬಿವಾಕ್ ಹಾಕುವ ಜಾಗವನ್ನೂ ಕಳೆದುಕೊಂಡೀತು. ತಂದೆತಾಯಿಗಳು ಕಾಡಿಗೆ ಹೋದಾಗ ಮಕ್ಕಳು ಊರಿನಲ್ಲಿದ್ದು ಓದಲೆಂದು ವಿದ್ಯಾರ್ಥಿನಿಲಯಗಳನ್ನು ನಡೆಸುವವರ ವಾದ ಇದೇ, ಮತ್ತು ಅದು ಸತ್ಯ. ಆದರೆ ನಿಲಯದಲ್ಲಿ ಹತ್ತು ವರ್ಷ ಕಳೆದ ಹುಡುಗನಿಗೆ ತೋಪಿನ ಗಡಿಗಳು ಗೊತ್ತಿರುತ್ತವೆಯೇ ಎಂಬುದೂ ಅಷ್ಟೇ ಸತ್ಯವಾದ ಪ್ರಶ್ನೆ. ಶಾಲೆಯ ರಜೆಗಳನ್ನು ಸಾಗು ತೆಗೆಯುವ ಕಾಲಕ್ಕೆ ಹೊಂದಿಸುವುದು, ಧರ್ಮೋಪದೇಶಕರನ್ನು ಕುಟುಂಬಗಳೊಡನೆ ತೋಪಿಗೆ ಕಳುಹಿಸುವುದು ಇತ್ಯಾದಿ ಉಪಾಯಗಳನ್ನು ದೂರದಲ್ಲಿ ಕುಳಿತು ಸೂಚಿಸುವುದು ಸುಲಭ. ಇಂಧನದ ಬೆಲೆಯನ್ನೂ ಭರತ ಇಳಿತಗಳ ಲೆಕ್ಕವನ್ನೂ ಹಾಕಬೇಕಾದವರು ಅಲ್ಲಿನ ಗುರುಗಳು.

ಇಂಡೋನೇಷ್ಯಾದಲ್ಲಿ ದಡಾರದ ಮೊದಲ ಲಸಿಕೆಯನ್ನು ಮಗುವಿಗೆ ಒಂಬತ್ತು ತಿಂಗಳಾದಾಗ ಹಾಕಬೇಕು. ಲಸಿಕೆಯನ್ನು 2ರಿಂದ 8 ಡಿಗ್ರಿಗಳ ಶೈತ್ಯದಲ್ಲಿ ಇಡಬೇಕು. ಒಂಬತ್ತು ತಿಂಗಳ ಅಸ್ಮತ್ ಮಗು ಆ ದಿನ ತಾಯಿಯ ಬೆನ್ನಿನ ಮೇಲೆ, ನದಿಯ ಮೇಲ್ಭಾಗದ ಯಾವುದೋ ತೋಪಿನಲ್ಲಿ, ಅವಳು ತಿರುಳು ಕುಟ್ಟುವ ಸದ್ದು ಕೇಳುತ್ತ ನಿದ್ರಿಸುತ್ತಿರುತ್ತದೆ. ಮಂಜುಗಡ್ಡೆಯ ಪೆಟ್ಟಿಗೆ ಹೊತ್ತ ದೋಣಿ ಭರತದ ನೀರಿರುವಾಗಲೇ ಆ ತೋಪನ್ನು ತಲುಪಿ, ನೀರು ಇಳಿಯುವ ಮುನ್ನ ಹಿಂದಿರುಗಬೇಕು.